ಗೇರ್ ಮೇಷ್ಟ್ರ ಗೇರಿಲ್ಲದ ಯಂತ್ರ

ನಮ್ಮ ಗೇರ್ ಮೇಷ್ಟ್ರಿಗೆ ಗಾಡಿ ಓಡಿಸಲು ಬರುವುದಿಲ್ಲ. ಇದು ಡ್ರೈವಿಂಗ್ ಸ್ಕೂಲಿನ ಒಳಗುಟ್ಟು. ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಮಾಲೀಕರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ, ಆದ್ದರಿಂದ ನಿಮಗೆ ಮಾತ್ರ ಹೇಳುತ್ತಿದ್ದೇನೆ. ಇಪ್ಪತ್ತೆರಡು ವರ್ಷಗಳಿಂದ ಅವರು ಕರಿಹಲಗೆಯ ಮುಂದೆ ನಿಂತು ಕ್ಲಚ್ಚು, ಗೇರು, ಬ್ರೇಕುಗಳ ಪಾಠ ಮಾಡುತ್ತ ಬಂದಿದ್ದಾರೆ. ನಾನು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನಗೆಂದೇ ಇಟ್ಟಿರುವ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಆ ಪಾಠದ ಫಲವನ್ನು ರಸ್ತೆಯಲ್ಲಿ ಅನುಭವಿಸುತ್ತೇನೆ. ಒಂದನೇ ಗೇರಿಗೆ ಬಲ ಜಾಸ್ತಿ ವೇಗ ಕಮ್ಮಿ, ನಾಲ್ಕನೇ ಗೇರಿಗೆ ವೇಗ ಜಾಸ್ತಿ ಬಲ ಕಮ್ಮಿ ಎಂದು ಅವರು ಹೇಳುವಾಗಿನ ಗಾಂಭೀರ್ಯ ನೋಡಿದರೆ, ಗೇರುಗಳನ್ನು ಹೆತ್ತು ಸಾಕಿದವರೇ ಇವರು ಅನ್ನಿಸುತ್ತದೆ.

ಹೀಗಿರುವಾಗ ಒಂದು ಸೋಮವಾರ ತರಗತಿಯಲ್ಲಿ ಟೈಲರಮ್ಮ ಎದ್ದು ನಿಂತರು. ನಲವತ್ತು ದಾಟಿದ ಹೆಂಗಸು. ಸ್ಕೂಟರನ್ನು ಮೊದಲು ಕೊಂಡು, ಲೈಸೆನ್ಸಿನ ನೆನಪು ಆಮೇಲೆ ಬಂದು, ನಮ್ಮಲ್ಲಿ ಸೇರಿದವರು.

"ಸಾರ್, ನೀವು ಮೂರು ವಾರದಿಂದ ಒಂದನೇ ಗೇರು, ಎರಡನೇ ಗೇರು ಅಂತ ಹೇಳ್ತಾನೇ ಇದ್ದೀರಿ. ನನ್ನ ಗಾಡೀಲಿ ಗೇರೇ ಇಲ್ಲ. ಹಾಗಾದ್ರೆ ಅದು ಯಾವ ಗೇರಲ್ಲಿ ಹೋಗುತ್ತೆ?"

ಮೇಷ್ಟ್ರ ಕೈಯಲ್ಲಿದ್ದ ಕೋಲು ಹಲಗೆಯ ಮೇಲೆ ಎಲ್ಲಿತ್ತೋ ಅಲ್ಲೇ ನಿಂತಿತು.

"ಅದರಲ್ಲಿ ಎಲ್ಲಾ ಗೇರೂ ಇರುತ್ತೆ," ಎಂದರು.

"ಎಲ್ಲಿರುತ್ತೆ ಸಾರ್?"

"ನಡುವೆ ಇರುತ್ತೆ."

"ಯಾವುದರ ನಡುವೆ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇಪ್ಪತ್ತೆರಡು ವರ್ಷದ ಮರ್ಯಾದೆ ಹೊಲಿಗೆ ಯಂತ್ರದವರೊಬ್ಬರ ಪ್ರಶ್ನೆಗೆ ಬಿಚ್ಚಿಕೊಳ್ಳುವ ಹಾಗಾಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಇದು ಬಾಯಲ್ಲಿ ಹೇಳೋ ವಿಷಯ ಅಲ್ಲಮ್ಮ, ಮಾಡಿ ತೋರಿಸಬೇಕು. ಮುಂದಿನ ಸೋಮವಾರ ನಾನೇ ಒಂದು ಮಾದರಿ ಮಾಡಿಕೊಂಡು ಬರ್ತೀನಿ," ಎಂದುಬಿಟ್ಟರು. ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ತೂಕ ಅವರಿಗೆ ಗೊತ್ತಾಯಿತು.

ಮೇಷ್ಟ್ರ ಮನೆ ಸ್ಕೂಲಿನ ಹಿಂಬದಿಯ ಎರಡು ಕೋಣೆ. ಸಂಜೆ ಏಳಕ್ಕೆ ಕಾರಿನ ಕೀಯನ್ನು ಅವರ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುವುದು ನನ್ನ ದಿನದ ಕೊನೆಯ ಕೆಲಸ. ಮನೆಯಾಕೆಯ ಫೋನು ಬರುವುದೂ ಸರಿಯಾಗಿ ಆ ಹೊತ್ತಿಗೇ. ಆಕೆ ಬೇರೆ ಊರಿನಲ್ಲಿರುವ ಅಕ್ಕನ ಕಾಲು ಮುರಿದಿದೆಯೆಂದು ನೋಡಿಕೊಳ್ಳಲು ಹೋಗಿ ಅಂದಿಗೆ ಹದಿಮೂರು ದಿನವಾಗಿತ್ತು. ಹದಿನೈದು ದಿನ ಎಂದು ಹೇಳಿ ಹೋಗಿದ್ದರು. ಮೇಷ್ಟ್ರ ಫೋನಿನ ಕಿವಿಯ ಭಾಗ ಕೆಟ್ಟಿದ್ದರಿಂದ ಅವರು ಸ್ಪೀಕರ್ ಹಾಕಿಯೇ ಮಾತಾಡಬೇಕಿತ್ತು. ಆದ್ದರಿಂದ ಈ ದಂಪತಿಗಳ ಸಂಭಾಷಣೆ ಕೇಳಿದ್ದು ನನ್ನ ತಪ್ಪಲ್ಲ. ನಿಧಾನವಾಗಿ ಕೀ ತೂಗುಹಾಕಿದ್ದು ಮಾತ್ರ ನನ್ನ ತಪ್ಪು.

"ಅಕ್ಕನ ಕಾಲು ಪರವಾಗಿಲ್ಲ. ನಾಡಿದ್ದು ಹೊರಡಲಾ?" ಎಂದರು ಆಕೆ.

ನನಗೆ ಗೊತ್ತಿದ್ದಂತೆ ಮೇಷ್ಟ್ರು ಆ ಹದಿಮೂರು ದಿನ ಮನೆಯೊಳಗೆ ಕೂತದ್ದೇ ಕಮ್ಮಿ. ಪಾಠ ಮುಗಿದ ಮೇಲೂ ಖಾಲಿ ಬೆಂಚುಗಳ ಮುಂದೆ ನಿಂತು ಹಲಗೆ ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ರಾತ್ರಿ ಊಟಕ್ಕೆ ಎರಡು ತಟ್ಟೆ ತೆಗೆದು ಒಂದನ್ನು ವಾಪಸು ಇಟ್ಟದ್ದನ್ನು ನಾನೇ ಎರಡು ಸಲ ನೋಡಿದ್ದೇನೆ. ಅಂಥವರು ಏನು ಹೇಳಬೇಕಿತ್ತು? ಹೊರಡು ಎನ್ನಬೇಕಿತ್ತು. ಆದರೆ ಬಾಗಿಲಲ್ಲಿ ನಾನಿದ್ದೆ, ಬೆಳಗಿನ ಅವಮಾನ ಇನ್ನೂ ಆರಿರಲಿಲ್ಲ, ಗಂಡಸಿನ ಗತ್ತು ಬೇರೆ.

"ನಿನ್ನಿಷ್ಟ. ನನಗೇನೂ ತೊಂದರೆ ಇಲ್ಲ. ನಾನಿಲ್ಲಿ ಒಂದು ಯಂತ್ರ ಕಟ್ಟೋ ಕೆಲಸದಲ್ಲಿದ್ದೀನಿ, ತಲೆ ಎತ್ತೋಕೂ ಪುರಸೊತ್ತಿಲ್ಲ," ಎಂದರು.

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ಎಲ್ಲಿ ಕಟ್ತಿದ್ದೀರಿ?"

"ಎಲ್ಲಿ ಅಂದ್ರೆ, ಹಾಲಲ್ಲೇ. ನೆಲದ ಮೇಲೆ."

"ಹಾಗಾದ್ರೆ ಮುಗಿಸ್ಕೊಳ್ಳಿ. ಮುಗಿದ ಮೇಲೆ ಬರ್ತೀನಿ. ಅವತ್ತು ಗೋಡೆ ಗಡಿಯಾರ ಬಿಚ್ಚಿ ಹರಡಿಕೊಂಡಿದ್ದಾಗ ನಾನು ಗುಡಿಸಿ, ಸ್ಪ್ರಿಂಗು ಕಸಕ್ಕೆ ಹೋಯ್ತಲ್ಲ, ನೀನು ಮನೇಲಿ ಇಲ್ದೇ ಇದ್ರೆ ಇಷ್ಟೊತ್ತಿಗೆ ಗಡಿಯಾರ ನಡೀತಿತ್ತು ಅಂದಿದ್ರಿ."

"ನಾನು ಹಾಗಂದಿದ್ನಾ?"

"ಹನ್ನೊಂದು ವರ್ಷ ಆಯ್ತು," ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತೊಂದರೆ.

ಫೋನು ಇಟ್ಟ ಮೇಲೆ ಮೇಷ್ಟ್ರು ಹಾಲಿನ ಬರಿ ನೆಲವನ್ನು ನೋಡುತ್ತ ನಿಂತರು. ಅಲ್ಲಿ ಯಂತ್ರವಿರಲಿ, ಒಂದು ಮೊಳೆಯೂ ಇರಲಿಲ್ಲ. ಇಲ್ಲದ ಯಂತ್ರವೊಂದು ಮುಗಿಯುವವರೆಗೆ ಹೆಂಡತಿ ಬರುವುದಿಲ್ಲ ಎಂಬ ಪೇಚಿಗೆ ಲೋಕದಲ್ಲಿ ಇನ್ನೆಷ್ಟು ಜನ ಸಿಕ್ಕಿರಬಹುದೋ ನನಗೆ ತಿಳಿಯದು.

"ಇನ್ನೊಂದು ಸಲ ಫೋನ್ ಮಾಡಿ ಬಾ ಅಂದುಬಿಡಿ ಮೇಷ್ಟ್ರೇ," ಎಂದೆ.

ನಡುರಸ್ತೆಯಲ್ಲಿ ಅಂಗಿ ಬಿಚ್ಚಿ ನಿಲ್ಲಿ ಎಂದಿದ್ದರೂ ಅವರು ಹಾಗೆ ನೋಡುತ್ತಿರಲಿಲ್ಲ.

"ಇಪ್ಪತ್ತಾರು ವರ್ಷದಲ್ಲಿ ನಾನು ಅವಳಿಗೆ ಹಾಗೆಲ್ಲ ಹೇಳಿದವನಲ್ಲ," ಎಂದರು. "ಯಂತ್ರ ಬೇಗ ಮುಗಿಸಿದ್ರಾಯ್ತು."

ಮರುದಿನ ಆಟಿಕೆ ಅಂಗಡಿಗೆ ಹೋದೆವು. ತೂತು ತೂತಿನ ಪಟ್ಟಿ, ಕಡ್ಡಿ, ಗಾಲಿ, ಹಲ್ಲಿನ ಚಕ್ರಗಳನ್ನು ಸಿಕ್ಕಿಸಿ ಏನು ಬೇಕಾದರೂ ಕಟ್ಟಬಹುದಾದ ಜೋಡಣೆಯ ಪೆಟ್ಟಿಗೆ ಮೇಷ್ಟ್ರಿಗೆ ಬೇಕಿತ್ತು.

"ಮಗೂಗೆ ಎಷ್ಟು ವಯಸ್ಸು?" ಎಂದು ಕೇಳಿದ ಅಂಗಡಿಯವನು.

ಮೇಷ್ಟ್ರು ಸುಳ್ಳು ಹೇಳುವವರಲ್ಲ. "ಐವತ್ತೆರಡು," ಎಂದರು.

ಅಂಗಡಿಯವನು ಅವರ ಮುಖ ನೋಡಿದ, ಪೆಟ್ಟಿಗೆಯ ಮೇಲಿದ್ದ ಅಕ್ಷರ ನೋಡಿದ. "ಇದರಲ್ಲಿ ಎಂಟರಿಂದ ಹನ್ನೆರಡು ವರ್ಷ ಅಂತ ಹಾಕಿದ್ದಾರೆ. ನಿಮಗೆ ಸ್ವಲ್ಪ ಕಷ್ಟ ಆಗಬಹುದು," ಎಂದ. ಈ ಇಡೀ ವ್ಯವಹಾರದಲ್ಲಿ ಮುಂದಾಗುವುದನ್ನು ಸರಿಯಾಗಿ ಕಂಡವನು ಅವನೊಬ್ಬನೇ.

ಮೊದಲನೆಯ ಮಾದರಿ ಗುರುವಾರ ತಯಾರಾಯಿತು. ಮೇಷ್ಟ್ರು ಒಂದು ಕಡ್ಡಿಗೆ ಚಿಕ್ಕದರಿಂದ ದೊಡ್ಡದಕ್ಕೆ ಐದು ಗಾಲಿಗಳನ್ನು ಪೋಣಿಸಿದ್ದರು, ಎದುರಿನ ಕಡ್ಡಿಗೆ ದೊಡ್ಡದರಿಂದ ಚಿಕ್ಕದಕ್ಕೆ ಐದು, ನಡುವೆ ಒಂದು ರಬ್ಬರ್ ಬ್ಯಾಂಡು. ಬ್ಯಾಂಡನ್ನು ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ ಹಾರಿಸಿದರೆ ವೇಗ ಬದಲಾಗುತ್ತಿತ್ತು. ಹೆಮ್ಮೆಯಿಂದ ನನ್ನನ್ನು ಕರೆದು ತೋರಿಸಿದರು. ನಾನು ಎಣಿಸಿದೆ.

"ಮೇಷ್ಟ್ರೇ, ಇದು ಐದು ಗೇರಿನ ಗಾಡಿ," ಎಂದೆ.

ಅವರು ಅಷ್ಟನ್ನೂ ಬಿಚ್ಚಿದರು.

ಎರಡನೆಯ ಉಪಾಯ ನಿಜಕ್ಕೂ ಒಳ್ಳೆಯದು. ಅದನ್ನು ಅವರು ಹಳೆಯ ಪುಸ್ತಕದಲ್ಲಿ ಕಂಡರೋ ತಲೆಯಿಂದ ತೆಗೆದರೋ ಗೊತ್ತಿಲ್ಲ. ಒಂದು ದುಂಡು ತಟ್ಟೆ ಅಂಗಾತ ಮಲಗಿ, ಹ್ಯಾಂಡಲ್ ತಿರುಗಿಸಿದಂತೆ ಸುತ್ತುತ್ತದೆ. ತಟ್ಟೆಯ ಮೇಲೆ ಒಂದು ಪುಟ್ಟ ರಬ್ಬರ್ ಗಾಲಿ ನೆಟ್ಟಗೆ ನಿಂತಿರುತ್ತದೆ. ಆ ಗಾಲಿ ಒಂದು ಚೌಕನೆಯ ಕಡ್ಡಿಯಲ್ಲಿದೆ, ಕಡ್ಡಿಯುದ್ದಕ್ಕೂ ಜರುಗಿಸಬಹುದು. ತಟ್ಟೆಯ ಅಂಚಿಗೆ ತಂದರೆ ಗಾಲಿ ರಭಸವಾಗಿ ತಿರುಗುತ್ತದೆ, ಒಳಕ್ಕೆ ಜರುಗಿಸಿದಂತೆ ನಿಧಾನ, ಇನ್ನೂ ನಿಧಾನ. ಎಲ್ಲಿಯೂ ಮೆಟ್ಟಿಲಿಲ್ಲ, ಗಡಕ್ಕೆನ್ನುವುದಿಲ್ಲ. ಟೈಲರಮ್ಮನ ಸ್ಕೂಟರಿನಲ್ಲಿ ಇರುವುದು ಬೆಲ್ಟು, ಆದರೂ ತತ್ತ್ವ ಒಂದೇ, ಎರಡು ಗೇರುಗಳ ನಡುವೆ ಇರುವ ಎಲ್ಲಾ ಗೇರುಗಳು ಅಲ್ಲಿವೆ ಎಂದರು ಮೇಷ್ಟ್ರು. ತರಗತಿಯಲ್ಲಿ ತಾವು ಹೇಳಿದ್ದು ಸರಿಯೇ ಇತ್ತು ಎಂದು ಅವರಿಗೇ ಆಶ್ಚರ್ಯವಾಯಿತು.

ಉಪಾಯವೇನೋ ಸರಿ, ಗಾಲಿ ಮಾತ್ರ ಜಾರುತ್ತಿತ್ತು. ತಟ್ಟೆ ತಿರುಗುತ್ತಿದ್ದರೆ ಗಾಲಿ ಅದರ ಮೇಲೆ ಮೈಮರೆತು ನಿಂತಿರುತ್ತಿತ್ತು. ಕಡ್ಡಿಯನ್ನು ಕೆಳಕ್ಕೆ ಎಳೆಯಲು ರಬ್ಬರ್ ಬ್ಯಾಂಡು ಬಿಗಿದರೆ ಹ್ಯಾಂಡಲೇ ತಿರುಗದು. ಒಂದು ಸುತ್ತು ಸಡಿಲಿಸಿದರೆ ಮತ್ತೆ ಜಾರುತ್ತದೆ. ಸೋಮವಾರ ಬಂತು, ಮಾದರಿಯಿಲ್ಲ. ಮುಂದಿನ ಸೋಮವಾರವೂ ಬಂತು. ಟೈಲರಮ್ಮ ಮರ್ಯಾದಸ್ಥರು, ಪ್ರತಿ ದಿನ ಬಾಗಿಲಲ್ಲಿ ಒಂದು ಸಲ ನಕ್ಕು ಒಳಗೆ ಬರುತ್ತಿದ್ದರು, ಅಷ್ಟೇ.

ಸಂಜೆ ಏಳಕ್ಕೆ ಫೋನು.

"ಮುಗೀತಾ?"

"ಇನ್ನು ಸ್ವಲ್ಪ."

"ಊಟ ಸರಿಯಾಗಿ ಮಾಡ್ತಿದ್ದೀರಾ?"

"ಮಾಡ್ತೀನಿ. ನೀನು?"

"ಮಾಡ್ತೀನಿ."

ಆಮೇಲೆ ಇಬ್ಬರೂ ಫೋನು ಹಿಡಿದು ಸುಮ್ಮನಿರುವುದು. ನಾನು ಮೊಳೆಯ ಹತ್ತಿರ ಕೀ ಹಿಡಿದು ಸುಮ್ಮನಿರುವುದು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವರಿಗೆ ಇಷ್ಟು ಚಿಕ್ಕ ಮಾತು ಬಾಯಿಗೆ ಬರುವುದಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಹಂತದಲ್ಲಿ ನಾನೊಂದು ತಪ್ಪು ಮಾಡಿದೆ. ಮೇಷ್ಟ್ರಿಗೆ ನಾಲ್ಕು ದಿನ ರಜೆ ಸಿಕ್ಕರೆ ಕೆಲಸ ಮುಗಿದೀತೆಂದು ಮಾಲೀಕರಿಗೆ ವಿಷಯ ಹೇಳಿದೆ. ಮಾಲೀಕರು ಅರ್ಧ ಕೇಳಿ ಉಳಿದರ್ಧವನ್ನು ತಾವೇ ಪೂರ್ತಿ ಮಾಡಿಕೊಳ್ಳುವ ಸ್ವಭಾವದವರು. ಮರುದಿನ ಸ್ಕೂಲಿನ ಮುಂದೆ ಬೋರ್ಡು ಬಿತ್ತು: "ಗೇರಿಲ್ಲದ ಹೊಸ ವಾಹನ. ನಮ್ಮ ಮೇಷ್ಟ್ರ ಆವಿಷ್ಕಾರ. ಶೀಘ್ರದಲ್ಲಿ ಪ್ರದರ್ಶನ." ಬೋರ್ಡು ಬರೆದವನು ಕೆಳಗೆ ತನ್ನ ಬುದ್ಧಿಯಿಂದ ಒಂದು ವಿಮಾನದ ಚಿತ್ರವನ್ನೂ ಬಿಡಿಸಿದ್ದ.

ಮೇಲಿನ ಮನೆಯಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಅದನ್ನು ಓದಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ನೇರ ಮೇಷ್ಟ್ರ ಬಾಗಿಲಿಗೆ ಬಂದರು.

"ಇದು ಮೇಲಕ್ಕೆ ಹಾರೋದಾ?"

"ಇಲ್ಲ ಸಾರ್, ಎಲ್ಲಿಗೂ ಹೋಗೋದಲ್ಲ. ಇದ್ದಲ್ಲೇ ತಿರುಗುತ್ತೆ."

"ನನ್ನ ಮಂಚ ಸರಿಯಾಗಿ ನಿಮ್ಮ ಹಾಲಿನ ಮೇಲಿದೆ. ಹಾರೋದಾದ್ರೆ ಮೊದಲೇ ಹೇಳಿ, ನಾನು ಪಕ್ಕದ ಕೋಣೆಗೆ ಹಾಕ್ಕೋತೀನಿ."

ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಸಂಜೆ ಮಂಚ ಎಳೆಯುವ ಸದ್ದು ಕೇಳಿಸಿತು.

ಸುದ್ದಿ ಷಡ್ಡಕನಿಗೂ ಮುಟ್ಟಿತು. ಮೇಷ್ಟ್ರ ಹೆಂಡತಿಯ ಅಕ್ಕನ ಗಂಡ ಈತ, ಕಾಲು ಮುರಿದದ್ದು ಹೆಂಡತಿಯದಾದರೂ ಉಪಚಾರವೆಲ್ಲ ತನಗೆಂದೇ ಭಾವಿಸಿ ಹಾಯಾಗಿದ್ದ ಮನುಷ್ಯ. ಮನೆಯಲ್ಲಿ ಹೊತ್ತು ಹೊತ್ತಿಗೆ ಬಿಸಿ ಊಟ ಸಿಗುತ್ತಿತ್ತು. ಅದು ನಿಲ್ಲುವುದು ಅವನಿಗೆ ಬೇಕಿರಲಿಲ್ಲ ಎಂದು ನಾನು ಹೇಳಿದರೆ ತಪ್ಪಾಗಲಾರದು.

"ಮೇಷ್ಟ್ರೇ, ನಮ್ಮ ಕುಟುಂಬದಲ್ಲಿ ಇಂಥ ತಲೆ ಯಾರಿಗೂ ಇರಲಿಲ್ಲ," ಎಂದ ಫೋನಿನಲ್ಲಿ. "ನೀವು ಈ ಕಡೆ ಯೋಚನೇನೇ ಮಾಡ್ಬೇಡಿ. ಆರು ತಿಂಗಳಾಗ್ಲಿ, ವರ್ಷ ಆಗ್ಲಿ, ಇವರನ್ನ ನಾವು ನೋಡ್ಕೋತೀವಿ. ಇನ್ನೊಂದು ವಿಷಯ. ದಿನಾ ಫೋನ್ ಮಾಡಿ ನಿಮ್ಮ ಏಕಾಗ್ರತೆ ಕೆಡಿಸಬಾರದು ಅಂತ ನಾನೇ ಹೇಳಿದ್ದೀನಿ. ಇನ್ನು ಮೇಲೆ ವಾರಕ್ಕೊಂದು ಸಲ ಸಾಕು."

"ವಾರಕ್ಕಾ?" ಎಂದರು ಮೇಷ್ಟ್ರು.

"ಜಾಸ್ತಿ ಆಯ್ತಾ? ಹದಿನೈದು ದಿನಕ್ಕೆ ಮಾಡೋಣ ಬಿಡಿ."

"ಬೇಡ ಬೇಡ. ವಾರಕ್ಕೇ ಇರ್ಲಿ," ಎಂದು ಮೇಷ್ಟ್ರು ಗಾಬರಿಯಿಂದ ಒಪ್ಪಿಕೊಂಡರು. ಹೀಗೆ ಏಳು ಫೋನುಗಳು ಒಂದಾದವು.

ಅಂದಿನಿಂದ ಅವರನ್ನು ನೋಡುವುದೇ ಕಷ್ಟವಾಯಿತು. ಸಂಜೆ ಏಳಕ್ಕೆ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಕೂರುವರು. ಅದು ಸುಮ್ಮನಿರುವುದು. ಏಳೂಕಾಲಿಗೆ ರಬ್ಬರ್ ಬ್ಯಾಂಡು ಬಿಚ್ಚುವರು, ಕಟ್ಟುವರು. ಒಂದು ದಿನ ಎದ್ದು ಹೋಗಿ ಹೊರಗಿನ ಹಗ್ಗದ ಮೇಲೆ ಒಣಗಿದ್ದ ತಮ್ಮದೊಂದೇ ಅಂಗಿಯನ್ನು ತಂದು, ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಅವಳು ತೋಳನ್ನ ಒಳಗೆ ಹಾಕಿ ಮಡಿಸ್ತಾಳೆ. ನನಗೆ ಅದು ಬರೋದೇ ಇಲ್ಲ," ಎಂದರು.

"ಯಂತ್ರ ಮುಗೀತು ಅಂತ ಸುಳ್ಳಾದ್ರೂ ಹೇಳಿ," ಎಂದೆ ಕೊನೆಗೆ.

"ಬಂದ ಕೂಡ್ಲೇ ತಿರುಗಿಸಿ ತೋರಿಸಿ ಅಂತಾಳೆ. ಜಾರಿದ್ರೆ? ಅವಳ ಮುಂದೆ ಜಾರೋದು ಬೇಡ," ಎಂದರು ಮೇಷ್ಟ್ರು.

ಗಾಲಿ ಜಾರುವ ಕಾರಣವನ್ನು ಟೈಲರಮ್ಮ ಪತ್ತೆ ಮಾಡಿದರು. ಒಂದು ಮಧ್ಯಾಹ್ನ ಅಳತೆಯ ಟೇಪನ್ನು ಕತ್ತಿನಲ್ಲಿ ಹಾಕಿಕೊಂಡೇ ಬಂದು ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. "ಸಾರ್, ತಟ್ಟೆ ನುಣುಪಾಗಿದೆ. ನುಣುಪು ಬಟ್ಟೆ ಹೊಲಿಯೋವಾಗ ಜಾರುತ್ತೆ ಅಂತ ನಾವು ಕೆಳಗೆ ಒರಟು ಕಾಗದ ಇಟ್ಟು ಹೊಲೀತೀವಿ. ಇದಕ್ಕೂ ಒರಟು ಮೈ ಬೇಕು," ಎಂದರು. ಮರಗೆಲಸದವರು ಉಜ್ಜುವ ಉಪ್ಪುಕಾಗದವನ್ನು ದುಂಡಗೆ ಕತ್ತರಿಸಿ ತಟ್ಟೆಗೆ ಅಂಟಿಸಿದರು. ಅವರ ಕತ್ತರಿಯ ದುಂಡು ಎಷ್ಟು ಚೊಕ್ಕವಿತ್ತೆಂದರೆ ಮೇಷ್ಟ್ರು ಎರಡು ಸಲ ಮುಟ್ಟಿ ನೋಡಿದರು. ಹ್ಯಾಂಡಲ್ ತಿರುಗಿಸಿದರು. ಗಾಲಿ ಕಚ್ಚಿಕೊಂಡಿತು, ತಿರುಗಿತು. ಒಳಕ್ಕೆ ಜರುಗಿಸಿದರು, ನಿಧಾನವಾಯಿತು. ಹೊರಕ್ಕೆ ಜರುಗಿಸಿದರು, ಓಡಿತು.

ಮಾಲೀಕರು ಕೂಡಲೇ ಭಾನುವಾರಕ್ಕೆ ಪ್ರದರ್ಶನ ಗೊತ್ತುಮಾಡಿ ಊರಿಗೆಲ್ಲ ಸುದ್ದಿ ಮುಟ್ಟಿಸಿದರು. ಮೇಷ್ಟ್ರು ಫೋನು ಎತ್ತಿಕೊಂಡರು. ಅದು ಅಕ್ಕನ ಮನೆಯ ಫೋನು, ಆ ಕಡೆ ಎತ್ತಿದವನು ಷಡ್ಡಕ.

"ಮುಗೀತಾ? ಭೇಷ್. ಆದ್ರೆ ಈಗ್ಲೇ ಇವರಿಗೆ ಹೇಳ್ಬೇಡಿ. ಭಾನುವಾರ ಪ್ರದರ್ಶನ ಅಲ್ವಾ? ಆಗ ನಾನೇ ಫೋನ್ ಮಾಡ್ತೀನಿ, ಇಲ್ಲಿ ಎಲ್ಲರೂ ಕೂತು ಕೇಳ್ತೀವಿ," ಎಂದು ಇಟ್ಟುಬಿಟ್ಟ. ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.

ಆ ಭಾನುವಾರ ಬೆಳಗ್ಗೆ ಹತ್ತಕ್ಕೆಲ್ಲ ತರಗತಿ ತುಂಬಿತು. ಮಾಲೀಕರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಯಂತ್ರವನ್ನಿಟ್ಟರು. ಗಾಲಿಯ ವೇಗ ಹಿಂದಿನ ಬೆಂಚಿಗೂ ಕಾಣಲೆಂದು ಕಡ್ಡಿಯ ತುದಿಗೆ ಮೇಷ್ಟ್ರು ಒಂದು ಕೆಂಪು ಕಾಗದದ ಬಾವುಟ ಅಂಟಿಸಿದ್ದರು. ಪೋಸ್ಟ್‌ಮಾಸ್ಟರು ಬಾಗಿಲ ಪಕ್ಕದಲ್ಲೇ, ಓಡಲು ಅನುಕೂಲವಾಗುವಂತೆ ಕೂತರು. ಷಡ್ಡಕನ ಫೋನು ಬಂತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆವು.

ಅಷ್ಟರಲ್ಲಿ ಲೈಸೆನ್ಸ್ ಕಚೇರಿಯ ಇನ್ಸ್‌ಪೆಕ್ಟರು ಬಂದರು. ಬೋರ್ಡು ಅವರ ಕಣ್ಣಿಗೂ ಬಿದ್ದಿತ್ತು. ಕಂಕುಳಲ್ಲಿ ಫಾರಂಗಳ ಕಟ್ಟು.

"ಹೊಸ ವಾಹನ ಅಂದ್ರೆ ನೋಂದಣಿ ಆಗ್ಬೇಕು. ಎಲ್ಲಿ ವಾಹನ?"

ಮಾಲೀಕರು ತೋರಿಸಿದರು. ಇನ್ಸ್‌ಪೆಕ್ಟರು ಬಗ್ಗಿ ನೋಡಿದರು. ಬಗ್ಗಿದವರು ಹಾಗೇ ಸ್ವಲ್ಪ ಹೊತ್ತು ಇದ್ದರು. ಬಂದದ್ದಕ್ಕೆ ಒಂದು ಫಾರಮ್ಮಾದರೂ ತುಂಬದೆ ಹೋಗುವುದು ಅವರ ಜಾಯಮಾನದಲ್ಲಿರಲಿಲ್ಲ.

"ಎಷ್ಟು ಜನ ಕೂರಬಹುದು?"

"ಯಾರೂ ಕೂರೋಕಾಗಲ್ಲ ಸಾರ್," ಎಂದರು ಮೇಷ್ಟ್ರು.

"ಚಾಲಕ ಸೇರಿ?"

"ಚಾಲಕ ಸೇರಿ."

"ಚಾಸಿ ನಂಬರು?"

ಮೇಷ್ಟ್ರು ಪೇಚಾಡುತ್ತ ಆಟಿಕೆಯ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಅಂಕಿ ಎಂದು ಅಲ್ಲಿದ್ದದ್ದು ಎಂಟರಿಂದ ಹನ್ನೆರಡು ಮಾತ್ರ. ಇನ್ಸ್‌ಪೆಕ್ಟರು ಅದನ್ನೇ ಬರೆದುಕೊಂಡು ಮುಂದಿನ ಬೆಂಚಿನಲ್ಲಿ ಕೂತರು.

ಪಾಠ ಶುರುವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೇಷ್ಟ್ರು ಅಷ್ಟು ಚೆನ್ನಾಗಿ ಪಾಠ ಮಾಡಿದ್ದನ್ನು ನಾನು ಕೇಳಿಲ್ಲ. ಗಾಲಿಯನ್ನು ಅಂಚಿನಲ್ಲಿಟ್ಟು ತಿರುಗಿಸಿದರು, ಬಾವುಟ ಕಣ್ಣಿಗೆ ಕಾಣದಷ್ಟು ವೇಗವಾಗಿ ಸುತ್ತಿತು. ಎಳ್ಳಷ್ಟೆಳ್ಳಷ್ಟೇ ಒಳಕ್ಕೆ ತಂದರು. ಬಾವುಟ ತೂಕಡಿಸುತ್ತ ತೂಕಡಿಸುತ್ತ ಬಂದು, ಗಾಲಿ ತಟ್ಟೆಯ ನಟ್ಟನಡುವೆ ಮುಟ್ಟಿದಾಗ ನಿಂತೇಬಿಟ್ಟಿತು. ಕೆಳಗೆ ತಟ್ಟೆ ತಿರುಗುತ್ತಲೇ ಇತ್ತು. ಇನ್ನೊಂಚೂರು ಆಚೆಗೆ ಜರುಗಿಸಿದರು, ಬಾವುಟ ಹಿಮ್ಮುಖವಾಗಿ ಸುತ್ತತೊಡಗಿತು. ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿದರು.

"ಯಾವ ಗೇರಲ್ಲಿ ಹೋಗುತ್ತೆ ಅಂದ್ರಲ್ಲಮ್ಮ. ಇದರಲ್ಲಿ ಈ ಗೇರು ಇಲ್ಲಿಗೆ ಮುಗೀತು, ಆ ಗೇರು ಇಲ್ಲಿಂದ ಶುರು ಅನ್ನೋದು ಇಲ್ಲ," ಎಂದರು ಮೇಷ್ಟ್ರು.

"ತಿಳೀತು ಸಾರ್," ಎಂದರು ಟೈಲರಮ್ಮ.

ಚಪ್ಪಾಳೆ ಬಿತ್ತು. ಪೋಸ್ಟ್‌ಮಾಸ್ಟರೂ ತಟ್ಟಿದರು, ನಿರಾಸೆಯಿಂದ. ಮಾಲೀಕರಿಗೆ ಆವೇಶ ಬಂದುಬಿಟ್ಟಿತು. ಎದ್ದು ನಿಂತು ಘೋಷಿಸಿದರು: "ಇಷ್ಟಕ್ಕೇ ನಿಲ್ಲಿಸೋದಿಲ್ಲ. ಇದನ್ನೇ ಆಳೆತ್ತರಕ್ಕೆ ಕಟ್ಟಿ ನಮ್ಮ ಸ್ಕೂಲಿನ ಮುಂದೆ ಇಡ್ತೀವಿ. ಮೂರು ತಿಂಗಳಲ್ಲಿ ಮೇಷ್ಟ್ರು ಮಾಡಿಕೊಡ್ತಾರೆ."

ಮತ್ತೆ ಚಪ್ಪಾಳೆ. ಫೋನಿನೊಳಗಿಂದ ಷಡ್ಡಕನೂ ಚಪ್ಪಾಳೆ ತಟ್ಟಿದ. "ಧಾರಾಳವಾಗಿ ಮಾಡಿ ಮೇಷ್ಟ್ರೇ. ಮೂರಲ್ಲದಿದ್ರೆ ಆರು ತಿಂಗಳು. ಇವರು ಇಲ್ಲೇ ಆರಾಮಾಗಿ ಇರ್ತಾರೆ," ಎಂದ.

ಮೇಷ್ಟ್ರ ಕೈ ಹ್ಯಾಂಡಲಿನಿಂದ ಜಾರಿತು. ಅವರ ಮುಖದಲ್ಲಿ ಆಗ ಕಂಡದ್ದನ್ನು ನಾನು ಮೊದಲ ಸಲ ರಸ್ತೆಗಿಳಿದವರ ಮುಖದಲ್ಲಿ, ಎದುರಿಗೆ ಲಾರಿ ಬಂದಾಗ, ಎಷ್ಟೋ ಸಲ ಕಂಡಿದ್ದೇನೆ. ಆದರೆ ಇಲ್ಲಿ ಎರಡನೆಯ ಬ್ರೇಕು ನನ್ನ ಕಾಲಿನ ಕೆಳಗೆ ಇರಲಿಲ್ಲ.

"ಇಲ್ಲ," ಎಂದರು. "ಅವಳಿಗೆ ಕೊಡಿ ಫೋನು."

"ಅವರು ಇಲ್ಲೇ ಕೇಳ್ತಾ..."

"ಅವಳ ಕೈಗೆ ಕೊಡಿ."

ಸ್ವಲ್ಪ ಸರಸರ ಸದ್ದಾಯಿತು. "ಹೇಳಿ," ಎಂದರು ಆಕೆ.

ಸ್ಪೀಕರ್ ಹಾಕಿದೆ ಎಂದು ನಾನು ಸನ್ನೆ ಮಾಡಿದೆ. ಮೇಷ್ಟ್ರು ನೋಡಿದರು, ಆದರೂ ನಿಲ್ಲಿಸಲಿಲ್ಲ. ಇನ್ಸ್‌ಪೆಕ್ಟರು, ಮಾಲೀಕರು, ಮೂರು ಬೆಂಚಿನ ವಿದ್ಯಾರ್ಥಿಗಳು, ಆ ಕಡೆ ಎಷ್ಟು ಮಂದಿ ನೆಂಟರೋ, ಅಷ್ಟೂ ಜನರ ಮುಂದೆ ಹೇಳಿದರು: "ಅವತ್ತು ನೀನು ಹೊರಡಲಾ ಅಂದಾಗ ಇಲ್ಲಿ ಯಾವ ಯಂತ್ರಾನೂ ಇರಲಿಲ್ಲ. ಸುಮ್ಮನೆ ಜಂಬಕ್ಕೆ ಅಂದೆ. ಆಮೇಲೆ ಇದನ್ನ ಕಟ್ಟಿದ್ದು ಮುಗಿದ್ರೆ ನೀನು ಬರ್ತೀಯಲ್ಲ ಅಂತ."

"ಅಕ್ಕ ಓಡಾಡೋಕೆ ಶುರು ಮಾಡಿ ಮೂರು ವಾರ ಆಯ್ತು," ಎಂದರು ಆಕೆ. "ಮುಗೀತಾ ಮುಗೀತಾ ಅಂತ ಇನ್ನೇನಕ್ಕೆ ಕೇಳ್ತಿದ್ದೆ ಅಂದ್ಕೊಂಡ್ರಿ? ಬಾ ಅಂತ ನೀವು ಒಂದು ಸಲಾನೂ ಅನ್ನಲಿಲ್ಲ."

"ಅಂತಿದ್ದೀನಿ ಈಗ. ಬಾ. ನನ್ನ ಕೈಲಿ ಆಗ್ತಿಲ್ಲ. ನೀನಿಲ್ದೆ ಮೂವತ್ತೊಂಬತ್ತು ದಿನ ಆಯ್ತು."

ಮಾಲೀಕರು ನೆಲ ನೋಡುತ್ತಿದ್ದರು. ಇನ್ಸ್‌ಪೆಕ್ಟರು ಫಾರಂ ಬದಿಗಿಟ್ಟಿದ್ದರು.

"ನಲವತ್ತು," ಎಂದರು ಆಕೆ. "ನಾನು ಹೊರಟ ದಿನಾನ ನೀವು ಬಿಟ್ಟಿದ್ದೀರಿ. ಬಸ್ಸು ತಿರುವು ದಾಟೋ ಮೊದಲೇ ನಾನು ಎಣಿಸೋಕೆ ಶುರು ಮಾಡಿದ್ದೆ."

ಆಮೇಲೆ, ಮಧ್ಯಾಹ್ನದ ಬಸ್ಸಿಗೆ ಹತ್ತುತ್ತೇನೆ, ಸಂಜೆ ಆರಕ್ಕೆ ಅಲ್ಲಿರುತ್ತೇನೆ ಎಂದು ಹೇಳಿ ಇಟ್ಟರು. ಮೇಷ್ಟ್ರು ಫೋನನ್ನು ಜೇಬಿಗೆ ಹಾಕಿಕೊಂಡು, ಕೈಗೆ ಅಂಟಿದ್ದ ಸೀಮೆಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡು, ಯಾರನ್ನೂ ನೋಡದೆ ಬಾಗಿಲ ಕಡೆ ನಡೆದರು.

"ಮೇಷ್ಟ್ರೇ, ಪ್ರಶ್ನೋತ್ತರ ಇದೆ," ಎಂದು ಮಾಲೀಕರು ಕೂಗಿದರು.

"ಟೈಲರಮ್ಮ ಹೇಳ್ತಾರೆ. ಅವರಿಗೆ ತಿಳಿದಿದೆ," ಎಂದರು ಮೇಷ್ಟ್ರು.

ನಾನು ಕಾರಿನ ಕೀ ಹಿಡಿದು ಅವರ ಹಿಂದೆಯೇ ಓಡಿದೆ. ಹೊಸ್ತಿಲ ಬಳಿ ಕೂತು ಚಪ್ಪಲಿ ಹುಡುಕುತ್ತಿದ್ದರು. ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ. ಬಸ್ಸು ಬರುವುದು ಸಂಜೆ ಆರಕ್ಕೆ, ಈಗ ಇನ್ನೂ ಬೆಳಗ್ಗೆ ಹನ್ನೊಂದೂವರೆ ಎಂದೆ.

"ಗೊತ್ತು," ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಕಾರಿನಲ್ಲಿ ಕೂತರು.